ಅಲೆಮಾರಿ ವಿಜ್ಞಾನಿ ಬ್ರೌನ್-ಸೇಕಾರ್

ಮನುಷ್ಯನೊಬ್ಬನು ತೀರಿಕೊಂಡ ಮೇಲೆ ಲೋಕವು ಆತನ ಯಾವ ಕೆಲಸವನ್ನು ನೆನಪಿನಲ್ಲಿಟ್ಟುಕೊಳ್ಳುವುದು, ಯಾವುದನ್ನು ಮರೆಯುವುದು ಎಂಬುದು ಆತನ ಕೈಯಲ್ಲಿರುವ ಮಾತಲ್ಲ. ಚಾರ್ಲ್ಸ್ ಎಡ್ವರ್ಡ್ ಬ್ರೌನ್-ಸೇಕಾರ್ ಎಂಬ ಹೆಸರನ್ನು ವೈದ್ಯ ಕಾಲೇಜಿನ ವಿದ್ಯಾರ್ಥಿಗಳು ಬೆನ್ನುಹುರಿಯ ಒಂದು ವ್ಯಾಧಿಯ ಹೆಸರಾಗಿ ಬಾಯಿಪಾಠ ಮಾಡುತ್ತಾರೆ. ಅವನ ಕಾಲದ ಪತ್ರಿಕೆಗಳನ್ನು ಓದಿದವರಿಗಂತೂ ಅವನು ಮುದಿತನಕ್ಕೆ ಮದ್ದು ಕಂಡುಹಿಡಿದೆನೆಂದು ಹೇಳಿ ನಗೆಪಾಟಲಿಗೀಡಾದ ಮುದುಕ. ಇವೆರಡರ ನಡುವೆ ಅವನ ಮೂರನೆಯ ಕೆಲಸವೊಂದು ಮರೆಯಾಗಿದೆ. ಮೂತ್ರಪಿಂಡಗಳ ಮೇಲೆ ಪುಟ್ಟ ಮುಂಡಾಸಿನಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಲ್ಲದೆ ಪ್ರಾಣಿ ಬದುಕಲಾರದೆಂದು ಪ್ರಯೋಗದಿಂದ ಮೊದಲು ಸಾರಿದವನು ಅವನೇ. ಬಸರೀಕಟ್ಟೆಯಂಥ ಮಲೆನಾಡಿನ ಮೂಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತ ಕಾಲ ಕಳೆದ ನನಗೆ ಈ ಮೂರನೆಯ ಕೆಲಸವೇ ದೊಡ್ಡದೆಂದು ತೋರುವುದಕ್ಕೆ ಕಾರಣವಿದೆ. ಅದನ್ನು ಮುಂದೆ ಹೇಳುವೆನು.

ಬ್ರೌನ್-ಸೇಕಾರ್ ಹುಟ್ಟಿದ್ದು 1817ರ ಏಪ್ರಿಲ್ 8ರಂದು, ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದ ಪೋರ್ಟ್ ಲೂಯಿ ಪಟ್ಟಣದಲ್ಲಿ. ಫ್ರೆಂಚರ ಕೈಯಲ್ಲಿದ್ದ ಆ ದ್ವೀಪ ಬ್ರಿಟಿಷರ ವಶವಾಗಿ ಆಗಿನ್ನೂ ಏಳು ವರ್ಷವಾಗಿತ್ತು. ತಂದೆ ಬ್ರೌನ್ ಅಮೆರಿಕೆಯ ಫಿಲಡೆಲ್ಫಿಯದ ಕಡೆಯ ಹಡಗಿನ ಕಪ್ತಾನ. ತಾಯಿ ಚಾರ್ಲಟ್ ಸೇಕಾರ್ ದ್ವೀಪದಲ್ಲೇ ನೆಲಸಿದ್ದ ಫ್ರೆಂಚ್ ಮನೆತನದವಳು. ಮಗುವಿನ ಮುಖವನ್ನು ತಂದೆ ಕಾಣಲೇ ಇಲ್ಲ. ದ್ವೀಪಕ್ಕೆ ಧಾನ್ಯದ ಅಭಾವ ಬಂದಾಗ ಭಾರತದಿಂದ ಅಕ್ಕಿ ತರಲು ಹೋದ ಅವನ ಹಡಗು ಸಮುದ್ರದಲ್ಲೇ ಕಾಣೆಯಾಯಿತೆಂದು ಚರಿತ್ರಕಾರರು ಹೇಳುತ್ತಾರೆ. ನಮ್ಮ ನಾಡಿನ ಅಕ್ಕಿಗೂ ಈ ಅನಾಥ ಬಾಲ್ಯಕ್ಕೂ ಹೀಗೊಂದು ನಂಟು. ತಾಯಿ ಕಸೂತಿ ಹಾಕಿ, ಹೊಲಿಗೆ ಹೊಲಿದು ಮಗನನ್ನು ಸಾಕಿದಳು. ಹುಡುಗ ಅಂಗಡಿಯೊಂದರಲ್ಲಿ ಗುಮಾಸ್ತನಾದ. ಕಬ್ಬಿನ ತೋಟಗಳಿಗಾಗಿ ಭಾರತದ ಕೂಲಿಗಳು 1834ರಿಂದ ಅದೇ ಬಂದರಿನಲ್ಲಿ ಗುಂಪುಗುಂಪಾಗಿ ಇಳಿಯತೊಡಗಿದಾಗ ಅವನು ಹದಿನೇಳರ ಯುವಕ.

ಅವನ ಆಸೆಯಾದರೋ ಸಾಹಿತಿಯಾಗಬೇಕೆಂಬುದು. 1838ರಲ್ಲಿ ತಾಯಿಮಗ ಇಬ್ಬರೂ ಹಡಗು ಹತ್ತಿ ಪ್ಯಾರಿಸ್ ಸೇರಿದರು. ಮಗನ ಕೈಯಲ್ಲಿ ನಾಟಕ, ಕಥೆಗಳ ಹಸ್ತಪ್ರತಿಗಳಿದ್ದವು. ಆ ಕಾಲದ ಪ್ರಸಿದ್ಧ ಲೇಖಕ ಶಾರ್ಲ್ ನೋದಿಯೆ ಅವನ್ನು ಓದಿ ನೋಡಿ, ಬೇರೆ ಯಾವುದಾದರೂ ಕಸಬು ಹಿಡಿಯುವಂತೆ ಬುದ್ಧಿ ಹೇಳಿದನಂತೆ. ಒಬ್ಬ ಸಾಮಾನ್ಯ ಕಥೆಗಾರನನ್ನು ಕಳೆದುಕೊಂಡು ಸಾಹಿತ್ಯಕ್ಕೆ ಆದ ನಷ್ಟ ಎಷ್ಟೆಂದು ಹೇಳಬಲ್ಲವರಿಲ್ಲ; ವೈದ್ಯಶಾಸ್ತ್ರಕ್ಕಂತೂ ಲಾಭವೇ ಆಯಿತು. ಅವನು ವೈದ್ಯವಿದ್ಯೆಗೆ ಸೇರಿದ. ತಾಯಿ ಊಟವಸತಿಯ ಮನೆ ನಡೆಸಿ ಖರ್ಚು ತೂಗಿಸುತ್ತಿದ್ದಳು. ಮಗನ ಓದು ಮುಗಿಯುವ ಮುನ್ನವೇ ಅವಳು ತೀರಿಕೊಂಡಳು. ತಂದೆಯ ಬ್ರೌನ್ ಎಂಬ ಹೆಸರಿನೊಡನೆ ತಾಯಿಯ ಸೇಕಾರ್ ಎಂಬ ಹೆಸರನ್ನು ಸೇರಿಸಿಕೊಂಡು ಅವನು ಜೀವಮಾನವಿಡೀ ಆ ಋಣವನ್ನು ಹೊತ್ತು ನಡೆದ.

1846ರಲ್ಲಿ ಅವನಿಗೆ ವೈದ್ಯ ಪದವಿ ಬಂದಿತು. ಅವನ ಪ್ರಬಂಧದ ವಿಷಯ ಬೆನ್ನುಹುರಿ. ಮುಂದಿನ ಕೆಲವು ವರ್ಷಗಳಲ್ಲಿ ಅವನು ತೋರಿಸಿದ್ದು ಇದು: ಬೆನ್ನುಹುರಿಯ ಒಂದು ಪಕ್ಕವನ್ನು ಮಾತ್ರ ಕತ್ತರಿಸಿದರೆ ಅದೇ ಪಕ್ಕದ ಕಾಲು ಚಲನೆ ಕಳೆದುಕೊಳ್ಳುತ್ತದೆ, ಆದರೆ ನೋವಿನ ಅರಿವು ಹೋಗುವುದು ಎದುರು ಪಕ್ಕದ ಕಾಲಿನಲ್ಲಿ. ಎಂದರೆ ನೋವನ್ನು ಒಯ್ಯುವ ತಂತುಗಳು ಬೆನ್ನುಹುರಿಯಲ್ಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತವೆ. ಇಂದಿಗೂ ಬೆನ್ನಿಗೆ ಇರಿತವೋ ಗಡ್ಡೆಯೋ ಆದ ರೋಗಿಯಲ್ಲಿ ವೈದ್ಯರು ಈ ಲಕ್ಷಣವನ್ನು ಅವನ ಹೆಸರಿನಿಂದಲೇ ಗುರುತಿಸುತ್ತಾರೆ.

ಕೀರ್ತಿ ಬಂದಿತು, ಹಣ ಬರಲಿಲ್ಲ. ಪ್ರಯೋಗಶಾಲೆಯಿಲ್ಲದ ಅವನು ವಾಸದ ಕೋಣೆಯಲ್ಲೇ ಪ್ರಾಣಿಗಳನ್ನು ಸಾಕಿಕೊಂಡು ಕೆಲಸ ಮಾಡಿದ. ಪ್ರಾಣಿ ಸಿಗದಾಗ ತನ್ನ ಶರೀರವನ್ನೇ ಬಳಸಿದ. ದಾರ ಕಟ್ಟಿದ ಸ್ಪಂಜನ್ನು ನುಂಗಿ, ಮತ್ತೆ ಎಳೆದು ಜಠರರಸವನ್ನು ಹೊರತೆಗೆದ. ಅದರ ಫಲವಾಗಿ ನುಂಗಿದ್ದು ಮತ್ತೆ ಬಾಯಿಗೆ ಬರುವ ಬಾಧೆ ಕೊನೆಯವರೆಗೂ ಅವನನ್ನು ಬಿಡಲಿಲ್ಲ. 1852ರಲ್ಲಿ ಅಮೆರಿಕೆಗೆ ಹೋಗಿ ಫ್ರೆಂಚ್ ಪಾಠ ಹೇಳಿ, ಹೆರಿಗೆ ಮಾಡಿಸಿ ಹೊಟ್ಟೆ ಹೊರೆದ. ಅಲ್ಲೇ ಮದುವೆಯಾದ. 1854ರಲ್ಲಿ ಮಾರಿಷಸ್‌ಗೆ ಕಾಲರಾ ಬಂದಾಗ ಹುಟ್ಟೂರಿನಲ್ಲಿದ್ದು ರೋಗಿಗಳ ಶುಶ್ರೂಷೆಗೆ ನಿಂತ. ಅಫೀಮಿನ ಮದ್ದು ಕಾಲರಾಕ್ಕೆ ನಾಟುವುದೇ ಎಂದು ತಿಳಿಯಲು ರೋಗಿಯ ವಾಂತಿಯನ್ನೇ ತಾನು ಸೇವಿಸಿ ನೋಡಿದನೆಂದು ಕಥೆಯಿದೆ. ಬಳಿಕ ವರ್ಜೀನಿಯದ ರಿಚ್ಮಂಡಿನಲ್ಲಿ ಅಧ್ಯಾಪಕನಾಗಿದ್ದಾಗ ಮೈಗೆಲ್ಲ ವಾರ್ನಿಷು ಬಳಿದುಕೊಂಡು ಚರ್ಮದ ಕೆಲಸವನ್ನು ಪರೀಕ್ಷಿಸಹೋಗಿ ಪ್ರಾಣಾಪಾಯಕ್ಕೆ ಸಿಲುಕಿದ. ಗುಲಾಮರ ನಾಡಿನಲ್ಲಿ ಅವನಿಗೆ ಹೊಂದಿಕೆಯಾಗಲಿಲ್ಲ. 1855ರಲ್ಲಿ ಮತ್ತೆ ಪ್ಯಾರಿಸಿನಲ್ಲಿದ್ದ. ಅಟ್ಲಾಂಟಿಕ್ ಸಾಗರವನ್ನು ಅವನು ತನ್ನ ಜೀವನದಲ್ಲಿ ಅರುವತ್ತಕ್ಕೂ ಹೆಚ್ಚು ಸಲ ದಾಟಿದನೆಂದು ಲೆಕ್ಕ ಹಾಕಿದ್ದಾರೆ. ಕಪ್ತಾನನ ಮಗನಲ್ಲವೆ!

ಆ 1855ರಲ್ಲೇ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿದ. ದಿನೇದಿನೇ ಬಲಗುಂದಿ, ಹೃದಯದ ಬಡಿತ ಸಣ್ಣಗಾಗಿ, ಹೊಟ್ಟೆ ತೊಳಸಿ, ಚರ್ಮ ಕಪ್ಪಾಗುತ್ತ ಬಂದು ಸತ್ತ ಹನ್ನೊಂದು ಮಂದಿ ರೋಗಿಗಳ ವೃತ್ತಾಂತ ಅದರಲ್ಲಿತ್ತು. ಶವವನ್ನು ಕೊಯ್ದು ನೋಡಿದಾಗ ಕೆಟ್ಟಿದ್ದುದು ಅಡ್ರಿನಲ್ ಗ್ರಂಥಿಗಳು; ಹಲವರಲ್ಲಿ ಕ್ಷಯರೋಗ ಅವನ್ನು ತಿಂದುಹಾಕಿತ್ತು. ಆಗಿನ ಶಾಸ್ತ್ರಜ್ಞರು ಆ ಗ್ರಂಥಿಗಳಿಗೆ ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ. ಮನುಷ್ಯನಲ್ಲಿ ಒಂದೊಂದೂ ನಾಲ್ಕೈದು ಗ್ರಾಂ ತೂಗುವ ಈ ಅಂಗಕ್ಕೆ ನಾಳವಿಲ್ಲ, ಬಾಯಿಲ್ಲ. ಅದರಿಂದ ಏನು ಪ್ರಯೋಜನವೆಂದು ಯಾರಿಗೂ ತಿಳಿಯದು.

ಅಡಿಸನ್ ಕಂಡದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಅದು ನಿಜವೇ ಎಂದು ಪ್ರಯೋಗದ ಮೇಜಿನ ಮೇಲೆ ಕೇಳಲು ಬ್ರೌನ್-ಸೇಕಾರ್ ಹೊರಟ. ಮೊಲ, ನಾಯಿ, ಬೆಕ್ಕು, ಗಿನಿಯಿಲಿಗಳ ಅಡ್ರಿನಲ್ ಗ್ರಂಥಿಗಳನ್ನು ತೆಗೆದುಹಾಕಿದ. ಪ್ರಾಣಿಗಳು ಹೆಚ್ಚಾಗಿ ಒಂದು ದಿನ ತುಂಬುವುದರೊಳಗೆ ಸತ್ತವು. ಎರಡು ಮೂತ್ರಪಿಂಡಗಳನ್ನು ತೆಗೆದ ಪ್ರಾಣಿಗಿಂತ ಎರಡು ಅಡ್ರಿನಲ್‌ಗಳನ್ನು ತೆಗೆದ ಪ್ರಾಣಿ ಬೇಗ ಸಾಯುವುದನ್ನು ಅವನು ಗಮನಿಸಿದ. ಈ ಗ್ರಂಥಿಗಳು ಜೀವಧಾರಣೆಗೆ ಅವಶ್ಯ ಎಂಬ ತೀರ್ಮಾನವನ್ನು 1856ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ.

ವಿರೋಧ ಕೂಡಲೆ ಬಂದಿತು. ಅದು ಅನ್ಯಾಯದ ವಿರೋಧವೂ ಅಲ್ಲ. ಲಿಸ್ಟರನ ಕ್ರಿಮಿನಾಶಕ ಶಸ್ತ್ರಚಿಕಿತ್ಸೆ ಬರಲು ಇನ್ನೂ ಹತ್ತು ವರ್ಷ ಬೇಕಾಗಿತ್ತು. ಹೊಟ್ಟೆ ಕೊಯ್ದ ಪ್ರಾಣಿ ಗ್ರಂಥಿಯಿಲ್ಲದೆ ಸತ್ತಿತೋ ಗಾಯದ ನಂಜಿನಿಂದ ಸತ್ತಿತೋ ಯಾರು ಹೇಳಬೇಕು? ಒಂದೇ ಗ್ರಂಥಿಯನ್ನು ತೆಗೆದರೂ ಪ್ರಾಣಿ ಸಾಯುವುದೆಂದು ಬ್ರೌನ್-ಸೇಕಾರ್ ಬರೆದಿದ್ದನು. ಅದು ತಪ್ಪೆಂದು ಈಗ ನಮಗೆ ಗೊತ್ತು. ಇದಕ್ಕೂ ಬಲವಾದ ಆಕ್ಷೇಪಣೆ ಫಿಲಿಪೋ ಎಂಬ ಸಂಶೋಧಕನದು. ಅವನು ಬಿಳಿಯಿಲಿಗಳ ಎರಡೂ ಗ್ರಂಥಿಗಳನ್ನು ತೆಗೆದ. ಇಲಿಗಳು ಬಹುಕಾಲ ಬದುಕಿದವು. ಬ್ರೌನ್-ಸೇಕಾರ್ ಪಟ್ಟು ಬಿಡಲಿಲ್ಲ. ಗ್ರಂಥಿ ಕಳೆದುಕೊಂಡು ಸಾಯುತ್ತಿರುವ ಪ್ರಾಣಿಗೆ ಆರೋಗ್ಯವಂತ ಪ್ರಾಣಿಯ ರಕ್ತವನ್ನು ಕೊಟ್ಟರೆ ಅದು ಇನ್ನಷ್ಟು ಹೊತ್ತು ಬದುಕುತ್ತದೆಂದು ತೋರಿಸಲು ಹೋದ. ಆದರೂ ಅರ್ಧ ಶತಮಾನದಷ್ಟು ಕಾಲ ಮಾತು ಇತ್ಯರ್ಥವಾಗದೆ ಉಳಿಯಿತು. ಇಲಿಗಳ ಒಡಲಿನಲ್ಲಿ ಅಡ್ರಿನಲ್ ಅಂಗಾಂಶದ ಚಿಕ್ಕಚಿಕ್ಕ ತುಣುಕುಗಳು ಬೇರೆ ಕಡೆಯೂ ಅಡಗಿರುತ್ತವೆ, ಮುಖ್ಯ ಗ್ರಂಥಿ ಹೋದರೆ ಅವು ಬೆಳೆದು ಕೆಲಸಕ್ಕೆ ನಿಲ್ಲುತ್ತವೆ ಎಂಬುದು ಆಮೇಲೆ ತಿಳಿಯಿತು. ಫಿಲಿಪೋ ಕಂಡದ್ದೂ ನಿಜ. ಬ್ರೌನ್-ಸೇಕಾರ್ ಹೇಳಿದ್ದೂ ನಿಜ. ಪ್ರಶ್ನೆಗೆ ತಕ್ಕ ಪ್ರಾಣಿಯನ್ನು ಆರಿಸಿಕೊಳ್ಳದಿದ್ದರೆ ಸತ್ಯವೂ ಸಾಕ್ಷಿ ಹೇಳುವುದಿಲ್ಲ.

ನನಗೆ ಈ ಕೆಲಸ ದೊಡ್ಡದಾಗಿ ಕಾಣುವುದೇಕೆಂದು ಈಗ ಹೇಳಬಹುದು. ಕೊಪ್ಪ, ಶೃಂಗೇರಿಯ ಕಡೆಯ ಮಳೆಗಾಲವನ್ನು ಬಲ್ಲವರಿಗೆ ಉಬ್ಬಸದವರ ಕಷ್ಟ ಗೊತ್ತು. ಗೋಡೆಗಳು ತೇವ ಹೀರಿ ಹಾಸಿಗೆಗಳೆಲ್ಲ ಬೂಷ್ಟು ಹಿಡಿಯುವ ಆಷಾಢ ಶ್ರಾವಣಗಳಲ್ಲಿ ನಮ್ಮ ನೆರೆಯ ಹಿರಿಯರೊಬ್ಬರು ಪ್ರೆಡ್ನಿಸೊಲೋನ್ ಎಂಬ ಸಣ್ಣ ಮಾತ್ರೆಯ ಬಲದಿಂದಲೇ ಉಸಿರಾಡುತ್ತಿದ್ದರು. ಒಮ್ಮೆ ವೈದ್ಯರು ಬರೆದುಕೊಟ್ಟಿದ್ದನ್ನು ವರ್ಷಗಟ್ಟಲೆ ತಾವೇ ತರಿಸಿ ನುಂಗುತ್ತಿದ್ದವರು, ಮಳೆ ನಿಂತು ಉಬ್ಬಸ ಇಳಿದ ಮೇಲೆ ಒಂದು ದಿನ ಇನ್ನು ಬೇಡವೆಂದು ನಿಲ್ಲಿಸಿಬಿಟ್ಟರು. ನಾಲ್ಕಾರು ದಿನಗಳಲ್ಲಿ ಅಡಕೆ ಕೊಯ್ಲಿನ ಗದ್ದಲದ ನಡುವೆ ಅಂಗಳದಲ್ಲೇ ಕುಸಿದರು. ವಾಂತಿ, ಬಲಹೀನತೆ, ಕೈಗೆ ಸಿಗದಂಥ ನಾಡಿ. ಆಸ್ಪತ್ರೆಗೆ ಒಯ್ದು ಚುಚ್ಚುಮದ್ದು ಕೊಡಿಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಎದ್ದು ಕುಳಿತರು.

ಆ ಮಾತ್ರೆಯು ಅಡ್ರಿನಲ್ ಗ್ರಂಥಿಯ ಕಾರ್ಟಿಸೋಲ್ ಎಂಬ ಹಾರ್ಮೋನಿನ ಪ್ರತಿರೂಪ. ಆರೋಗ್ಯವಂತನ ಗ್ರಂಥಿ ಅದನ್ನು ದಿನಕ್ಕೆ 10ರಿಂದ 20 ಮಿಲಿಗ್ರಾಮಿನಷ್ಟು ತಯಾರಿಸುತ್ತದೆ. ಬೆಳಗಿನ ಜಾವ ಹೆಚ್ಚು, ರಾತ್ರಿ ಕಡಿಮೆ. ಹೊರಗಿನಿಂದ ಮಾತ್ರೆ ಬರುತ್ತಲೇ ಇದ್ದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಪ್ಪಣೆ ಕೊಡುವುದನ್ನೇ ನಿಲ್ಲಿಸುತ್ತದೆ. ಅಪ್ಪಣೆಯಿಲ್ಲದ ಅಡ್ರಿನಲ್ ಸೊರಗಿ ಮಲಗುತ್ತದೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದ ರೋಗಿಯ ಸ್ಥಿತಿ ಬ್ರೌನ್-ಸೇಕಾರನ ಮೇಜಿನ ಮೇಲಿದ್ದ ಗಿನಿಯಿಲಿಯ ಸ್ಥಿತಿಯೇ. ಮಾತ್ರೆಯನ್ನು ವೈದ್ಯರ ಮಾತಿನಂತೆ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬರಬೇಕೆಂಬ ನಿಯಮದ ಬೇರು 1856ರ ಆ ಪ್ರಯೋಗಗಳಲ್ಲಿದೆ.

ಪ್ಯಾರಿಸಿನಲ್ಲಿ ವಾದ ನಡೆಯುತ್ತಿದ್ದಂತೆ ಬ್ರೌನ್-ಸೇಕಾರನ ಪ್ರವಾಸವೂ ನಡೆದೇ ಇತ್ತು. 1858ರಲ್ಲಿ ಶರೀರಕ್ರಿಯಾಶಾಸ್ತ್ರಕ್ಕಾಗಿ ತನ್ನದೇ ಒಂದು ಪತ್ರಿಕೆಯನ್ನು ಆರಂಭಿಸಿದ. ಲಂಡನ್ನಿನ ಕ್ವೀನ್ ಸ್ಕ್ವೇರಿನಲ್ಲಿ ಪಾರ್ಶ್ವವಾಯು ಮತ್ತು ಅಪಸ್ಮಾರ ರೋಗಿಗಳಿಗಾಗಿ ಹೊಸದಾಗಿ ತೆರೆದ ಆಸ್ಪತ್ರೆಯ ವೈದ್ಯನಾದ. ಶ್ರೀಮಂತ ರೋಗಿಗಳು ಮುತ್ತಿಕೊಂಡರು. ಸಂಶೋಧನೆಗೆ ಬಿಡುವು ಸಿಗದೆಂದು ಆ ಸಂಪಾದನೆಯನ್ನು ಬಿಟ್ಟು ನಡೆದ. 1864ರಲ್ಲಿ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕನಾದ. ಅದೇ ವರ್ಷ ಹೆಂಡತಿ ತೀರಿಕೊಂಡಳು. ಅದನ್ನೂ ಬಿಟ್ಟು ಪ್ಯಾರಿಸ್, ಅಲ್ಲಿಂದ ನ್ಯೂಯಾರ್ಕ್. ಹಿರಿಯ ಸಮಕಾಲೀನನಾದ ಕ್ಲೋಡ್ ಬರ್ನಾರ್ಡ್ ತೀರಿಕೊಂಡಾಗ 1878ರಲ್ಲಿ ಕಾಲೇಜ್ ದ ಫ್ರಾನ್ಸಿನ ಅವನ ಪೀಠ ಬ್ರೌನ್-ಸೇಕಾರನಿಗೆ ದೊರೆಯಿತು. ಅರುವತ್ತೊಂದನೆಯ ವಯಸ್ಸಿನಲ್ಲಿ ಅವನು ಫ್ರೆಂಚ್ ಪ್ರಜೆಯಾಗಿ ಒಂದು ಕಡೆ ನೆಲೆ ನಿಂತ.

ಈ ಎಲ್ಲ ಅಲೆದಾಟದಲ್ಲಿ ಅವನ ಜೊತೆ ಬಿಡದಿದ್ದುದು ಗಿನಿಯಿಲಿ. ಇಂಗ್ಲಿಷಿನಲ್ಲಿ ಇದನ್ನು ಗಿನಿ ದೇಶದ ಹಂದಿಯೆಂದು ಕರೆದರೂ ಇದು ಗಿನಿಯದೂ ಅಲ್ಲ, ಹಂದಿಯೂ ಅಲ್ಲ. ದಕ್ಷಿಣ ಅಮೆರಿಕೆಯ ಆಂಡೀಸ್ ಪರ್ವತದ ಜನ ಮಾಂಸಕ್ಕಾಗಿ ಸಾಕುತ್ತಿದ್ದ ಬಾಲವಿಲ್ಲದ ಸಾಧುಪ್ರಾಣಿ. ಬೆನ್ನುಹುರಿಗೆ ಗಾಯವಾದ ಗಿನಿಯಿಲಿಗಳ ಕತ್ತಿನ ಚರ್ಮವನ್ನು ಚಿವುಟಿದರೆ ಅಪಸ್ಮಾರದಂಥ ಸೆಳವು ಬರುವುದನ್ನು ಅವನು ಕಂಡ. ಅಲ್ಲಿಗೆ ನಿಲ್ಲದೆ, ಗಾಯದಿಂದ ಬಂದ ಆ ಸೆಳವು ಮರಿಗಳಿಗೂ ವಂಶಾನುಗತವಾಗಿ ಇಳಿಯುವುದೆಂದು ಸಾರಿದ. ಅದು ನಿಲ್ಲಲಿಲ್ಲ. ಅವನ ಗುಣವೂ ದೋಷವೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಕಣ್ಣು ಬಲು ಚುರುಕು. ಕಂಡದ್ದರಿಂದ ತೀರ್ಮಾನಕ್ಕೆ ಹಾರುವ ಕಾಲೂ ಅಷ್ಟೇ ಚುರುಕು.

ಈ ಹಾರುವ ಕಾಲು ಕೊನೆಗೆ ಅವನನ್ನು ಬೀಳಿಸಿತು. 1889ರ ಜೂನ್ 1ರಂದು ಪ್ಯಾರಿಸಿನ ಜೀವಶಾಸ್ತ್ರ ಸಂಘದ ಮುಂದೆ ಎಪ್ಪತ್ತೆರಡರ ಈ ವೃದ್ಧ ನಿಂತು, ನಾಯಿ ಹಾಗೂ ಗಿನಿಯಿಲಿಗಳ ವೃಷಣಗಳನ್ನು ನೀರಿನಲ್ಲಿ ಅರೆದು ಸೋಸಿದ ರಸವನ್ನು ತನ್ನ ಚರ್ಮದಡಿ ಚುಚ್ಚಿಕೊಂಡುದಾಗಿ ತಿಳಿಸಿದ. ದಣಿವು ಹೋಯಿತು, ಮೆಟ್ಟಿಲನ್ನು ಓಡುತ್ತ ಏರಬಲ್ಲೆ, ತೋಳಿನ ಬಲ ಅಳತೆಯ ಯಂತ್ರದಲ್ಲಿ ಏರಿದೆ, ಬುದ್ಧಿಯ ಕೆಲಸ ಸುಗಮವಾಗಿದೆ ಎಂಬುದು ಅವನ ವರದಿಯ ಸಾರಾಂಶ. ಪತ್ರಿಕೆಗಳು ಯೌವನದ ಅಮೃತವೆಂದು ಡಂಗುರ ಹೊಡೆದವು. ವ್ಯಾಪಾರಿಗಳು ಅದರ ಹೆಸರಿನಲ್ಲಿ ಏನೇನನ್ನೋ ಮಾರಿ ದುಡ್ಡು ಮಾಡಿದರು. ಅವನಾದರೋ ರಸವನ್ನು ವೈದ್ಯರಿಗೆ ಪುಕ್ಕಟೆಯಾಗಿ ಹಂಚಿದ. ವಿದ್ವಾಂಸರು ನಕ್ಕರು. ವೃಷಣದ ಹಾರ್ಮೋನು ನೀರಿನಲ್ಲಿ ಕರಗುವುದು ಅತ್ಯಲ್ಪ. ಅವನ ವಿಧಾನವನ್ನೇ ಅನುಸರಿಸಿ ರಸ ತಯಾರಿಸಿ ನೋಡಿದ ಆಸ್ಟ್ರೇಲಿಯದ ಸಂಶೋಧಕರು ಅದರಲ್ಲಿ ಪರಿಣಾಮ ಬೀರುವಷ್ಟು ಹಾರ್ಮೋನು ಇಲ್ಲವೆಂದು 2002ರಲ್ಲಿ ವರದಿ ಮಾಡಿದರು. ವೃದ್ಧನನ್ನು ಮೆಟ್ಟಿಲು ಹತ್ತಿಸಿದ್ದು ಅವನ ನಂಬಿಕೆ.

ಆದರೆ ತಪ್ಪಾದ ಆ ರಸದ ಹಿಂದೆ ಸರಿಯಾದ ಒಂದು ವಿಚಾರವಿತ್ತು: ಅಂಗವೊಂದು ರಕ್ತಕ್ಕೆ ಬಿಡುವ ವಸ್ತುವಿನ ಕೊರತೆಯಿಂದ ರೋಗ ಬಂದರೆ, ಅದೇ ಅಂಗದ ಸಾರವನ್ನು ಹೊರಗಿನಿಂದ ಕೊಟ್ಟು ಕೊರತೆಯನ್ನು ತುಂಬಬಹುದು. ಎರಡೇ ವರ್ಷದಲ್ಲಿ, 1891ರಲ್ಲಿ, ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರದಿಂದ ರೋಗಿಯೊಬ್ಬಳನ್ನು ಗುಣಪಡಿಸಿದ. ಹಾರ್ಮೋನು ಎಂಬ ಪದವನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ಅಡ್ರಿನಲ್‌ನ ಒಳತಿರುಳಿನಿಂದ ಅಡ್ರಿನಲಿನ್ ಮೊದಲು ಕೈಗೆ ಸಿಕ್ಕಿತು. ಜೀವವನ್ನು ಹಿಡಿದಿಟ್ಟಿರುವುದು ಹೊರತೊಗಟೆಯ ಸ್ಟಿರಾಯ್ಡುಗಳೆಂಬುದು ಕ್ರಮೇಣ ಸ್ಪಷ್ಟವಾಯಿತು. ಅವನ್ನು ಬೇರ್ಪಡಿಸಿದ ಕೆಂಡಾಲ್, ರೈಷ್‌ಸ್ಟೈನ್ ಇವರಿಗೂ, 1948ರಲ್ಲಿ ಕೀಲುವಾತದ ರೋಗಿಗೆ ಮೊದಲು ಕೊಟ್ಟು ನೋಡಿದ ಹೆಂಚ್‌ಗೂ 1950ರ ನೊಬೆಲ್ ಪಾರಿತೋಷಕ ಬಂದಿತು.

ಗಿನಿಯಿಲಿಯ ಕೆಲಸ ಮಾತ್ರ ಮುಗಿಯಲಿಲ್ಲ. ಸಾಧಾರಣ ಇಲಿಯ ಮುಖ್ಯ ಅಡ್ರಿನಲ್ ಸ್ಟಿರಾಯ್ಡು ಕಾರ್ಟಿಕೊಸ್ಟಿರೋನ್. ಗಿನಿಯಿಲಿಯದು ಮನುಷ್ಯನಂತೆ ಕಾರ್ಟಿಸೋಲ್. ಇಲಿಮರಿ ಮೂರು ವಾರದಲ್ಲಿ ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಗಿನಿಯಿಲಿಯ ಮರಿ ಸುಮಾರು 68 ದಿನ ಗರ್ಭದಲ್ಲಿದ್ದು, ಮೈತುಂಬ ಕೂದಲು, ತೆರೆದ ಕಣ್ಣು, ಮೂಡಿದ ಹಲ್ಲುಗಳೊಡನೆ ಬಂದು ಅಂದೇ ಓಡಾಡುತ್ತದೆ. ಹೆರಿಗೆ ಹತ್ತಿರವಾದಂತೆ ಮರಿಯ ರಕ್ತದಲ್ಲಿ ಕಾರ್ಟಿಸೋಲ್ ಏರುತ್ತದೆ. ಹುಟ್ಟಿದ ಬಳಿಕ ಇಳಿಯುತ್ತದೆ. ಬೆಳೆದ ಪ್ರಾಣಿಯಲ್ಲಿ ದಿನದ ಹೊತ್ತಿಗೂ ಬಂದ ಕಷ್ಟಕ್ಕೂ ತಕ್ಕಂತೆ ಏರಿಳಿಯುವ ಈ ವಸ್ತುವೇ ಹುಟ್ಟಲಿರುವ ಜೀವಕ್ಕೆ, ನೀರಿನ ಲೋಕದಿಂದ ಗಾಳಿಯ ಲೋಕಕ್ಕೆ ಬರಲು ಶ್ವಾಸಕೋಶವನ್ನು ಸಜ್ಜುಗೊಳಿಸುವ ಆಜ್ಞೆ. ಇಂಥ ಪ್ರಾಣಿಗಳ ಅಧ್ಯಯನದಿಂದ, ಮುಖ್ಯವಾಗಿ ಕುರಿಮರಿಗಳ ಮೇಲಿನ ಪ್ರಯೋಗದಿಂದ, ಈ ತಿಳಿವಳಿಕೆ ಬಂದಿತು. ಅವಧಿಗೆ ಮುನ್ನ ನೋವು ಬಂದ ತಾಯಿಗೆ ಸ್ಟಿರಾಯ್ಡು ಚುಚ್ಚಿದರೆ ಮಗುವಿನ ಉಸಿರು ಉಳಿಯುವುದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿದರು.

ಬಡದೇಶಗಳ ಆಸ್ಪತ್ರೆಗಳಲ್ಲಿ ಇದು ಹಿತವೋ ಅಹಿತವೋ ಎಂಬ ಸಂದೇಹ ಮಾತ್ರ ಬಹುಕಾಲ ಉಳಿದಿತ್ತು. ಅದನ್ನು ಪರೀಕ್ಷಿಸಿದ ಐದು ದೇಶಗಳ 29 ಆಸ್ಪತ್ರೆಗಳ ಪ್ರಯೋಗದಲ್ಲಿ ನಮ್ಮ ಬೆಳಗಾವಿಯ ಸಂಶೋಧಕರೂ ಇದ್ದರು. 2852 ಗರ್ಭಿಣಿಯರಲ್ಲಿ ನಡೆದ ಆ ಪ್ರಯೋಗದ ಫಲ 2020ರಲ್ಲಿ ಪ್ರಕಟವಾಯಿತು. ಡೆಕ್ಸಾಮೆಥಾಸೋನ್ ಪಡೆದ ತಾಯಂದಿರ ನವಜಾತ ಶಿಶುಗಳಲ್ಲಿ ಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿದಿತ್ತು. ನೂರರಲ್ಲಿ ನಾಲ್ಕು ಶಿಶುಗಳು ಎಂದರೆ ಸಣ್ಣ ಸಂಖ್ಯೆಯೆಂದು ಯಾವ ತಾಯಿಯೂ ಹೇಳಲಾರಳು. ಇಲ್ಲಿ ಒಂದು ಗುಂಪಿಗೆ ಔಷಧ ಕೊಟ್ಟು, ಇನ್ನೊಂದು ಗುಂಪಿಗೆ ಬರಿಯ ನೀರಿನಂಥ ದ್ರವ ಕೊಟ್ಟು, ಯಾರಿಗೆ ಯಾವುದೆಂದು ಕೊಟ್ಟವರಿಗೂ ತಿಳಿಯದಂತೆ ಇಟ್ಟಿದ್ದರು. 1889ರಲ್ಲಿ ಬ್ರೌನ್-ಸೇಕಾರನ ಪ್ರಯೋಗಕ್ಕೆ ಇಲ್ಲದೆ ಹೋದದ್ದು ಈ ಎಚ್ಚರವೇ. ಪ್ರಯೋಗಿಸುವವನೂ ಪ್ರಯೋಗಕ್ಕೊಳಗಾದವನೂ ಅಳೆಯುವವನೂ ಆಸೆಪಡುವವನೂ ಅಲ್ಲಿ ಒಬ್ಬನೇ ಆಗಿದ್ದ.

ಅವನ ಕೊನೆಯ ದಿನಗಳು ಸುಖದ್ದಲ್ಲ. ಮೂರನೆಯ ಹೆಂಡತಿ 1894ರಲ್ಲಿ ತೀರಿಕೊಂಡಳು. ಅದೇ ವರ್ಷ ಏಪ್ರಿಲ್ ಆರಂಭದಲ್ಲಿ, ಎಪ್ಪತ್ತೇಳು ತುಂಬಲು ಕೆಲವೇ ದಿನಗಳಿರುವಾಗ ಅವನೂ ಪ್ಯಾರಿಸಿನಲ್ಲಿ ಕಣ್ಣು ಮುಚ್ಚಿದ. ಅಡ್ರಿನಲ್ ಸಾರವು ರಕ್ತದ ಒತ್ತಡವನ್ನು ಏರಿಸುವುದೆಂದು ಇಂಗ್ಲೆಂಡಿನ ಆಲಿವರ್ ಮತ್ತು ಶೇಫರ್ ಪ್ರಕಟಿಸಿದ್ದೂ ಆ ವರ್ಷವೇ. ತನ್ನ ಗ್ರಂಥಿಗೆ ನ್ಯಾಯ ಸಿಗತೊಡಗಿದ ಹೊತ್ತಿನಲ್ಲಿ ಅವನು ಇಲ್ಲವಾದ.

ವಿದ್ಯಾರ್ಥಿಗಳಿಗೆ ಇವನ ಜೀವನವನ್ನು ಹೇಳುವಾಗ ನಾನು 1856ನ್ನು ಮಾತ್ರ ಹೇಳಿ 1889ನ್ನು ಬಿಡುವುದಿಲ್ಲ. ಎರಡೂ ಒಬ್ಬನವೇ. ಮೊದಲನೆಯದರಲ್ಲಿ ಅವನನ್ನು ಎದುರಿಸಲು ಫಿಲಿಪೋನ ಬಿಳಿಯಿಲಿಗಳಿದ್ದವು. ಆ ವಿರೋಧವನ್ನು ಹೊತ್ತುಕೊಂಡೇ ಸತ್ಯ ಗಟ್ಟಿಯಾಯಿತು. ಎರಡನೆಯದರಲ್ಲಿ ಅವನು ಸಾಕ್ಷಿಯಾಗಿ ತಂದದ್ದು ತನ್ನ ದೇಹವನ್ನು, ಅದಕ್ಕೆ ಪಾಟೀಸವಾಲು ಹಾಕುವವರು ಯಾರೂ ಇರಲಿಲ್ಲ. ನಮ್ಮ ನೆರೆಯ ಹಿರಿಯರು ಈಗ ವೈದ್ಯರು ಬರೆದುಕೊಟ್ಟ ಚೀಟಿಯಂತೆ ಮಾತ್ರೆಯನ್ನು ಕಾಲು ಭಾಗದಷ್ಟು ಇಳಿಸುತ್ತ ಬಂದಿದ್ದಾರೆ. ಅವರಿಗೆ ಬ್ರೌನ್-ಸೇಕಾರನ ಹೆಸರು ತಿಳಿಯದು. ಆ ಚೀಟಿಯನ್ನು ಬರೆಯುವಷ್ಟು ತಿಳಿವಳಿಕೆ ಕೂಡಿಬರಲು ಅಕ್ಕಿ ಹಡಗಿನ ಕಪ್ತಾನನ ಮಗನೊಬ್ಬನೂ, ಹೆಸರಿಲ್ಲದ ಎಷ್ಟೋ ಗಿನಿಯಿಲಿಗಳೂ ಬೇಕಾದವು ಎಂಬುದನ್ನು ಕಲಿಸುವವರಾದರೂ ನೆನೆಯಬೇಕು.